ಹಾಡುವವರ ಸ್ವಕಥನ: ಕೋಗಳಿ ನಾಡಿನ ನೆಲೆಯಿಂದ ಕೆಲವು ವಿಚಾರಗಳು

ಶಾಸನಗಳು 'ಕೋಗಳಿ ಐನೂರು' ಎಂದು ಕರೆದಿರುವ ನಾಡು ಇಂದಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಮೇರೆಯಲ್ಲಿ ಹರಡಿದ್ದಿತು. ಈ ತಾಲ್ಲೂಕುಗಳೆಲ್ಲವೂ 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಈ ಪ್ರದೇಶದ ಬಸದಿ, ದೇಗುಲ, ಶಿಲಾಶಾಸನಗಳನ್ನು ಕುರಿತು ನಮ್ಮ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಇಲ್ಲಿನ ಹಾಡುಗಳನ್ನು ಸಂಗ್ರಹಿಸಿದವರೂ ಉಂಟು. ಆದರೆ ಹಾಡುವವರು ತಮ್ಮ ಹಾಡಿಕೆಯನ್ನು ಕುರಿತು ತಾವೇ ಏನು ಹೇಳಿಕೊಂಡಿದ್ದಾರೆ ಎಂಬ ಕಡೆಗೆ ನಮ್ಮ ಗಮನ ಹರಿದುದು ಕಡಮೆ. ಹಾಡನ್ನು ಬರೆದುಕೊಂಡೆವು, ಹಾಡಿದವರ ಮಾತನ್ನು ಬಿಟ್ಟೆವು.

'ಸ್ವತಂತ್ರ ಕಲಾವಿದ' ಎಂಬ ಮಾತನ್ನು ಇಲ್ಲಿ ಒಂದು ವಿಶೇಷಾರ್ಥದಲ್ಲಿ ಬಳಸಿದ್ದೇವೆ. ಅರಮನೆಯ ಉಂಬಳಿ, ಮಠದ ಅನ್ನ, ನಾಟಕ ಕಂಪನಿಯ ಪಗಾರ, ಆಕಾಶವಾಣಿಯ ಕರಾರು, ಶಾಲೆಯ ಹುದ್ದೆ, ಇವಾವುದರ ಸ್ಥಿರವಾದ ಆಶ್ರಯವೂ ಇಲ್ಲದೆ ತಮ್ಮ ಕೊರಳನ್ನೂ ಕಾಲನ್ನೂ ನಂಬಿ ಬಾಳಿದವರು ಎಂಬುದೇ ಆ ಅರ್ಥ. ಮೈಲಾರದ ಜಾತ್ರೆಗೆ ಡಮರು ಹಿಡಿದು ಬರುವ ಗೊರವನೂ ಉಚ್ಚಂಗಿದುರ್ಗದ ಹಾದಿಯಲ್ಲಿ ಚೌಡಿಕೆ ನುಡಿಸುವ ಜೋಗತಿಯೂ ಈ ಗುಂಪಿಗೆ ಸೇರುವರು. ಇವರಿಗೆ ಕಲೆಯೆಂಬುದು ಏಕಕಾಲದಲ್ಲಿ ಹರಕೆಯೂ ಹೌದು, ಹೊಟ್ಟೆಪಾಡೂ ಹೌದು. ಈ ಎರಡನ್ನೂ ಒಂದೇ ಬಾಯಲ್ಲಿ ಹೇಳುವುದು ಸುಲಭವಲ್ಲ. ಹೇಳುವಾಗ ಯಾವುದನ್ನು ಮುಂದಿಡುವರು, ಯಾವುದನ್ನು ಮರೆಗೆ ಸರಿಸುವರು ಎಂಬುದೇ ಪ್ರಕೃತ ಲೇಖನದ ಪ್ರಶ್ನೆ.

ಕಾಲಕ್ರಮದಲ್ಲಿ ಮೊದಲು ನೆನೆಯಬೇಕಾದವರು ಹರಪನಹಳ್ಳಿ ಭೀಮವ್ವ (1823-1903). ನಾರಾಯಣದೇವರಕೆರೆ ಇವರು ಹುಟ್ಟಿದ ಊರು. ಹರಪನಹಳ್ಳಿ ಸೇರಿದ ಊರು. ಭೀಮವ್ವ ಆತ್ಮಕಥೆಯನ್ನು ಬರೆಯಲಿಲ್ಲ; ಆ ಕಾಲದಲ್ಲಿ ಅಂಥದೊಂದು ಬರೆಹವನ್ನು ಅವರಿಂದ ನಿರೀಕ್ಷಿಸುವುದೂ ಸಲ್ಲದು. ಆದರೂ ಅವರ ಕವಿಜೀವನವನ್ನು ಕುರಿತ ಒಂದು ಸಂಗತಿ ಐತಿಹ್ಯವಾಗಿ ಉಳಿದು ಬಂದಿದೆ. ನಾರದರು ಕನಸಿನಲ್ಲಿ ಕಾಣಿಸಿಕೊಂಡು ಮಂತ್ರೋಪದೇಶ ಮಾಡಿ 'ಭೀಮೇಶಕೃಷ್ಣ' ಎಂಬ ಅಂಕಿತವನ್ನು ದಯಪಾಲಿಸಿದರು ಎಂಬುದೇ ಅದು. ಇದನ್ನು ಭಕ್ತರು ಪವಾಡವೆಂದು ನಂಬುವರು. ಆಧುನಿಕರು ಕಟ್ಟುಕಥೆಯೆಂದು ಬಿಡುವರು. ಈ ಎರಡೂ ಬಗೆಗಳಲ್ಲಿ ಅದರ ಮುಖ್ಯಾರ್ಥ ಕೈತಪ್ಪುವುದೆಂದು ನಮಗೆ ತೋರುತ್ತದೆ. ದಾಸಸಂಪ್ರದಾಯದಲ್ಲಿ ಅಂಕಿತವೆಂಬುದು ಗುರುವಿನಿಂದ ಶಿಷ್ಯನಿಗೆ ಬರತಕ್ಕದ್ದು. ವಿಜಯದಾಸರಿಂದ ಗೋಪಾಲದಾಸರಿಗೆ, ಗೋಪಾಲದಾಸರಿಂದ ಜಗನ್ನಾಥದಾಸರಿಗೆ ಎಂದು ಅದರ ಸರಣಿಯನ್ನು ಎಣಿಸುವುದು ವಾಡಿಕೆ. ಈ ಸರಣಿಯಲ್ಲಿ ಹೆಣ್ಣಿಗೆ ಸುಲಭವಾಗಿ ಎಡೆ ದೊರಕುತ್ತಿರಲಿಲ್ಲ. ಸರಣಿಯ ಹೊರಗಿದ್ದವರು 'ನಾನೂ ರಚಿಸಬಲ್ಲೆ' ಎಂದು ಹೇಳಬೇಕಾದರೆ ಯಾವ ಗುರುವನ್ನು ಸಾಕ್ಷಿಗೆ ಕರೆಯಬೇಕು? ಯಾರೂ ಅಲ್ಲಗಳೆಯಲಾರದ ಒಬ್ಬ ಗುರು ಬೇಕು. ಅವನು ಭೇಟಿಯಾದ ಸ್ಥಳವನ್ನು ಯಾರೂ ಹೋಗಿ ಪರೀಕ್ಷಿಸುವಂತಿರಬಾರದು. ಕನಸಿನ ಕಥೆ ಈ ಎರಡು ಅಗತ್ಯಗಳನ್ನೂ ಪೂರೈಸುತ್ತದೆ. ಆದುದರಿಂದ ಅದನ್ನು ಒಬ್ಬ ಸ್ವತಂತ್ರ ವಾಗ್ಗೇಯಕಾರ್ತಿಯ ಹಕ್ಕುಪತ್ರವೆಂದು ಓದುವುದು ಯುಕ್ತ. ಮುಯ್ಯದ ಹಾಡಿನಂಥ ಅವರ ರಚನೆಗಳನ್ನು ಮನೆಯ ಹೆಂಗಸರು ಶುಭಕಾರ್ಯಗಳಲ್ಲಿ ಹಾಡಿಕೊಂಡು ಬಂದದ್ದೇ ಆ ಹಕ್ಕುಪತ್ರಕ್ಕೆ ಬಿದ್ದ ಮುದ್ರೆ.

ಗುರುವನ್ನು ಮುಂದಿಟ್ಟು ತಾನು ಹಿಂದೆ ಸರಿಯುವ ಈ ಕ್ರಮ ದೊಡ್ಡ ಗಾಯಕರ ಬರೆಹಗಳಲ್ಲಿಯೂ ಕಾಣುತ್ತದೆ. ಮಲ್ಲಿಕಾರ್ಜುನ ಮನಸೂರರ 'ನನ್ನ ರಸಯಾತ್ರೆ' ಇದಕ್ಕೆ ಒಳ್ಳೆಯ ನಿದರ್ಶನ. ಮನಸೂರರು (1910-1992) ನಾವು ಹೇಳಿದ ಅರ್ಥದಲ್ಲಿ ಪೂರ್ತಿಯಾಗಿ ಸ್ವತಂತ್ರರಲ್ಲ. ಅವರಿಗೆ ಘರಾಣೆಯ ಬೆನ್ನಾಸರೆ ಇತ್ತು, ಧಾರವಾಡ ಆಕಾಶವಾಣಿಯ ಸಂಬಂಧವಿತ್ತು. ಆದರೂ ಹೋಲಿಕೆಗಾಗಿ ಅವರನ್ನು ಇಲ್ಲಿ ತರಬೇಕಾಗಿದೆ. ನೀಲಕಂಠಬುವಾ, ಮಂಜೀಖಾನ್, ಬುರ್ಜೀಖಾನ್ ಇವರ ಹೆಸರುಗಳು ಆ ಜೀವನದ ಮೈಲಿಗಲ್ಲುಗಳಾಗಿವೆ. ಗುರು ದೊರೆತ ಸಂತೋಷ, 1937ರಲ್ಲಿ ಮಂಜೀಖಾನರು ತೀರಿಕೊಂಡಾಗಿನ ಅನಾಥಭಾವ, ಇವೇ ಅಲ್ಲಿಯ ಏರಿಳಿತಗಳು. ಓದಿ ಮುಗಿಸಿದ ಮೇಲೆ ಗುರುಗಳ ಔದಾರ್ಯ ನಮ್ಮ ಮನಸ್ಸಿನಲ್ಲಿ ನಿಲ್ಲುವಷ್ಟು ಶಿಷ್ಯನ ದಿನನಿತ್ಯದ ದುಡಿಮೆ ನಿಲ್ಲುವುದಿಲ್ಲ. ಇದು ವಿನಯದ ಸೊಬಗು ನಿಜ. ಆದರೆ ಕಲಿಯುವ ವಿದ್ಯಾರ್ಥಿಗೆ ಅದರಿಂದ ಸ್ವಲ್ಪ ನಷ್ಟವೂ ಆಗುತ್ತದೆ.

ಗಂಗೂಬಾಯಿ ಹಾನಗಲ್ಲರ (1913-2009) 'ನನ್ನ ಬದುಕಿನ ಹಾಡು' ಇದಕ್ಕಿಂತ ಬೇರೆಯಾದ ಧಾತುವಿನದು. ಎನ್ಕೆಯವರಿಗೆ ಹೇಳಿ ಬರೆಯಿಸಿದ ಗ್ರಂಥವಿದು. ಸವಾಯಿ ಗಂಧರ್ವರ ಪಾಠಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದುದು, ಮಗಳ ಹಿಂದುಸ್ತಾನಿ ಸಂಗೀತಕ್ಕೆ ಅಡ್ಡಿಯಾಗಬಾರದೆಂದು ತಾಯಿ ಅಂಬಾಬಾಯಿ ತಮ್ಮ ಕರ್ನಾಟಕ ಸಂಗೀತದ ಹಾಡಿಕೆಯನ್ನೇ ನಿಲ್ಲಿಸಿದ್ದು, 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಸ್ವಾಗತಗೀತೆ ಹಾಡಿದ ಬಾಲಕಿಗೆ ಜಾತಿಯ ಕಾರಣದಿಂದ ಊಟದ ಹೊತ್ತಿನಲ್ಲಿ ಉಂಟಾದ ಅಳುಕು, ಇಂಥ ಸಂಗತಿಗಳಿಂದ ಗಾಯನವೆಂಬುದು ಮೈಬಗ್ಗಿಸಿ ಮಾಡಿದ ಕೆಲಸವೆಂದೂ ಅದಕ್ಕೆ ಮನೆಯವರೆಲ್ಲ ಬೆಲೆ ತೆತ್ತರೆಂದೂ ತಿಳಿದುಬರುತ್ತದೆ. ತಾಯಿ ಮೌನವಾದಳು, ಮಗಳು ಹಾಡಿದಳು. ಇಂಥದನ್ನು ಹೇಳುವ ಧೈರ್ಯ ಎಲ್ಲ ಸ್ವಕಥನಗಳಲ್ಲಿಯೂ ಇರುವುದಿಲ್ಲ.

ಈಗ ಮತ್ತೆ ಕೋಗಳಿಯ ಕಡೆಗೆ. ಭೀಮವ್ವ ಹುಟ್ಟಿದ ನಾರಾಯಣದೇವರಕೆರೆ ತುಂಗಭದ್ರಾ ಜಲಾಶಯದಲ್ಲಿ ಮುಳುಗಿಹೋಯಿತು. ಅಲ್ಲಿನ ಜನ ಬಂದು ನೆಲೆಸಿದ್ದು ಕೋಗಳಿ ನಾಡಿನ ಅಂಚಿನಲ್ಲಿರುವ ಮರಿಯಮ್ಮನಹಳ್ಳಿಯಲ್ಲಿ. ಮುಳುಗಿದ ಊರಿನ ದಾಸಕವಯಿತ್ರಿಗೂ ಈ ಊರಿನಲ್ಲಿ ನೆಲೆಸಿರುವ ಮಂಜಮ್ಮ ಜೋಗತಿಯವರಿಗೂ ನೇರವಾದ ಸಂಬಂಧವೇನೂ ಇಲ್ಲ. ಆದರೂ ಇಬ್ಬರ ಕಥೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಆಸೆಯನ್ನು ನಾವು ತಡೆಯಲಾರೆವು.

ಮಂಜಮ್ಮನವರು ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಗಂಡುಮಗುವೆಂದು ಹುಟ್ಟಿ, ಹುಲಿಗೆಮ್ಮನ ಸನ್ನಿಧಿಯಲ್ಲಿ ಜೋಗತಿಯಾಗಿ, ಮನೆಯಿಂದ ದೂರವಾಗಿ, ಭಿಕ್ಷೆ ಬೇಡಿ, ಇಡ್ಲಿ ಮಾರಿ, ಮಕ್ಕಳಿಗೆ ಪಾಠ ಹೇಳಿ ಜೀವ ಹಿಡಿದವರು. ಮುಂದೆ ಕಾಳವ್ವ ಜೋಗತಿಯವರ ಮೇಳ ಸೇರಿ, ಅವರ ಕಾಲಾನಂತರ ಆ ಮೇಳವನ್ನು ತಾವೇ ನಡೆಸಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಅವರು ಹೇಳಿದ ಜೀವನಕಥನವನ್ನು ಅರುಣ್ ಜೋಳದಕೂಡ್ಲಿಗಿಯವರು 'ನಡುವೆ ಸುಳಿವ ಹೆಣ್ಣು' ಎಂಬ ಹೆಸರಿನಲ್ಲಿ ನಿರೂಪಿಸಿದ್ದಾರೆ. ಜೇಡರ ದಾಸಿಮಯ್ಯನ ಪ್ರಸಿದ್ಧ ವಚನವೊಂದನ್ನು ನೆನಪಿಗೆ ತರುವ ಹೆಸರು ಅದು.

ಈ ಜೀವನವನ್ನು ಕುರಿತು ಬಂದಿರುವ ಬರೆಹಗಳೂ ಭಾಷಣಗಳೂ ಹಲವು. ಅವುಗಳಲ್ಲಿ ಹೆಚ್ಚಿನವು ಅದನ್ನು ದುಃಖದ ಕಥೆಯಾಗಿ, ದುಃಖದಿಂದ ಗೌರವಕ್ಕೆ ಏರಿದ ಕಥೆಯಾಗಿ ಕಾಣುತ್ತವೆ. ಅದು ತಪ್ಪೆಂದು ನಾವು ಹೇಳೆವು. ಪಟ್ಟ ಪಾಡು ಸಣ್ಣದಲ್ಲ. ಆದರೆ ಕಲಾವಿದೆಯೊಬ್ಬರ ಕಥೆಯಲ್ಲಿ ಕಲೆಯ ಭಾಗವನ್ನೇ ಬಿಟ್ಟು ಓದುವುದು ಯಾವ ವಿಮರ್ಶೆ? ಮಂಜಮ್ಮನವರು ಮತ್ತೆ ಮತ್ತೆ ನೆನೆಯುವ ಒಂದು ಪ್ರಸಂಗವಿದೆ. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ತಂದೆಯೊಬ್ಬ ಹಾಡುತ್ತಿದ್ದ, ಮಗನು ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಅದನ್ನು ಕಂಡು ಬೆರಗಾಗಿ ಆ ತಂದೆ ಮಕ್ಕಳ ಬಳಿಯೇ ಅವರು ಜೋಗತಿ ನೃತ್ಯವನ್ನು ಕಲಿತರು. ಕೇಳಿದವರೆಲ್ಲ ಈ ಪ್ರಸಂಗವನ್ನು ಕರುಣೆಯಿಂದ ನೆನೆಯುವರು. ವಿದ್ಯಾಭ್ಯಾಸವೆಂದು ನೆನೆದವರು ವಿರಳ. ಮನಸೂರರು ಮಂಜೀಖಾನರನ್ನು ಕಂಡ ಪ್ರಸಂಗಕ್ಕೂ ಇದಕ್ಕೂ ಸ್ವರೂಪದಲ್ಲಿ ಯಾವ ಭೇದವಿದೆ? ಒಂದು ಘರಾಣೆಯ ಇತಿಹಾಸದೊಳಗೆ ಸೇರಿತು. ಇನ್ನೊಂದು ಬಸ್ ನಿಲ್ದಾಣದಲ್ಲಿ ನಡೆಯಿತು. ಭೇದ ಇಷ್ಟೇ.

ಕೊಡ ಹೊತ್ತು ಕುಣಿಯುವ ವಿದ್ಯೆ ಭಕ್ತಿಯೊಂದರಿಂದಲೇ ಬರತಕ್ಕದ್ದಲ್ಲ. ತಲೆಯ ಮೇಲಿನ ಕೊಡವನ್ನು ಕೈಯಿಂದ ಮುಟ್ಟದೆ, ಕುತ್ತಿಗೆ ಅಲುಗದಂತೆ, ಸೊಂಟದಿಂದ ಕೆಳಗಿನ ಮೈಯನ್ನು ಮಾತ್ರ ತಾಳಕ್ಕೆ ಬಿಡಬೇಕು. ಕುಳಿತು ಏಳುವಾಗ ಭಾರದ ನಡು ಎಲ್ಲಿದೆಯೆಂಬುದು ಮೈಗೆ ತಿಳಿದಿರಬೇಕು. ಜೊತೆಯ ಚೌಡಿಕೆಯೂ ಸಾಮಾನ್ಯ ವಾದ್ಯವಲ್ಲ. ತೊಗಲು ಬಿಗಿದ ಮರದ ಬುರುಡೆ, ಅದರಿಂದ ಹೊರಟ ಒಂದೇ ತಂತಿ. ಮೀಟುತ್ತಿರುವಾಗಲೇ ಆ ತಂತಿಯನ್ನು ಬಿಗಿದು ಸಡಿಲಿಸಿ ಧ್ವನಿಯನ್ನು ಏರಿಳಿಸಬೇಕು. ಹಾಡುವವಳ ಉಸಿರು, ಚೌಡಿಕೆಯ ಬಿಗಿ, ಕುಣಿಯುವವಳ ಹೆಜ್ಜೆ, ಈ ಮೂರೂ ಒಂದಾಗುವುದು ವರ್ಷಗಳ ಸಾಧನೆಯಿಂದ. ಆದರೆ ಜೋಗತಿಯನ್ನು ಪ್ರಶ್ನಿಸಿದರೆ ಮೊದಲು ಬರುವ ಉತ್ತರ 'ಎಲ್ಲಾ ಆ ತಾಯಿ ಮಾಡಿಸಿದ್ದು' ಎಂಬ ಬಗೆಯದು. ಭೀಮವ್ವನ ಕನಸು, ಮನಸೂರರ ಗುರು, ಜೋಗತಿಯ ದೇವಿ: ಮೂರು ಕಡೆಯೂ ಕರ್ತೃತ್ವವನ್ನು ಬೇರೊಬ್ಬರಿಗೆ ಒಪ್ಪಿಸಲಾಗಿದೆ. ಇದನ್ನು ಬರಿಯ ವಿನಯವೆಂದು ತಿಳಿದು ಸುಮ್ಮನಾಗಬಾರದು. ಆ ಮಾತು ಒಂದು ರಕ್ಷೆ. ಅದರ ಮರೆಯಲ್ಲಿ ಕಲಾವಿದೆ ತನಗೆ ಬೇಕಾದ ಸ್ವಾತಂತ್ರ್ಯವನ್ನು ಪಡೆದುಕೊಳ್ಳುವಳು. ದೇವಿ ಕರೆದಳೆಂದರೆ ಮನೆಯವರು ತಡೆಯಲಾರರು, ಕುಣಿಯಬೇಕೆನಿಸಿತೆಂದರೆ ತಡೆದಾರು. ಈ ಮಾತು ಎಲ್ಲ ಜೋಗತಿಯರಿಗೂ ಸಮನಾಗಿ ಅನ್ವಯಿಸದೆಂಬುದನ್ನೂ ಇಲ್ಲಿಯೇ ಹೇಳಬೇಕು. ದೇವಿಯ ಹೆಸರಿನಲ್ಲಿ ಎಳೆಯ ಹೆಣ್ಣುಮಕ್ಕಳಿಗೆ ಈ ಭಾಗದಲ್ಲಿ ಆದ ಅನ್ಯಾಯವನ್ನು ತಡೆಯಲೆಂದೇ 1982ರ ದೇವದಾಸಿ ಸಮರ್ಪಣ ನಿಷೇಧ ಶಾಸನ ಹುಟ್ಟಿತು. ರಕ್ಷೆಯಾದ ಮಾತೇ ಇನ್ನೊಬ್ಬಳಿಗೆ ಸಂಕಲೆಯಾದೀತು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಹೇಳಿ ಬರೆಯಿಸಿದ ಕಥೆಯಲ್ಲಿ ಹೇಳಿದವರ ಮಾತೆಷ್ಟು, ಬರೆದವರ ಮಾತೆಷ್ಟು? ಆಕ್ಷೇಪವು ಸಕಾರಣವಾದುದೇ. ಆದರೆ ಗಂಗೂಬಾಯಿಯವರ ಗ್ರಂಥವೂ ಹೇಳಿ ಬರೆಯಿಸಿದ್ದಷ್ಟೆ. ಅದನ್ನು ಓದುವಾಗ ನಾವು ಈ ಸಂಶಯವನ್ನು ಅಷ್ಟಾಗಿ ಎತ್ತುವುದಿಲ್ಲ. ಜೋಗತಿಯ ಕಥೆಯನ್ನು ಓದುವಾಗ ಮೊದಲ ಪುಟದಲ್ಲಿಯೇ ಎತ್ತುತ್ತೇವೆ. ಸಂಶಯವು ಗ್ರಂಥದ ರೀತಿಯನ್ನು ಕುರಿತದ್ದಾಗಿದ್ದರೆ ಎರಡು ಕಡೆಯೂ ಸಮನಾಗಿರಬೇಕಿತ್ತು. ಇಂಥ ನಿರೂಪಣೆಗಳಲ್ಲಿ ಕೇಳಿದ ಪ್ರಶ್ನೆಗಳನ್ನೂ ಉತ್ತರಗಳ ಜೊತೆಗೆ ಅಚ್ಚುಮಾಡುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಪ್ರಶ್ನೆ ಕಂಡರೆ ಮೌನವೂ ಕಾಣುತ್ತದೆ.

ಪ್ರಶ್ನೆಗಳ ಮಾತು ಬಂದುದರಿಂದ ನಮ್ಮ ತಪ್ಪನ್ನೂ ಒಪ್ಪಿಕೊಳ್ಳುವುದು ಲೇಸು. ಕ್ಷೇತ್ರಕಾರ್ಯಕ್ಕೆ ಹೊರಟಾಗ ನಾವು ಒಯ್ಯುತ್ತಿದ್ದ ನಮೂನೆಯಲ್ಲಿ ಹೆಸರು, ವಯಸ್ಸು, ಜಾತಿ, ಊರು, ಬರುವ ಹಾಡುಗಳ ಸಂಖ್ಯೆ ಎಂಬ ಅಂಕಣಗಳಿದ್ದುವು. ಯಾರ ಹಾಡಿಕೆ ನಿಮಗೆ ಮೆಚ್ಚಿಗೆ, ಏಕೆ, ಯಾವ ಹಾಡನ್ನು ಕೈಬಿಟ್ಟಿರಿ, ಒಂದು ರಾತ್ರಿಗೆ ಏನು ದೊರೆಯುತ್ತದೆ, ಅದನ್ನು ಮೇಳದಲ್ಲಿ ಹೇಗೆ ಹಂಚಿಕೊಳ್ಳುತ್ತೀರಿ, ಈ ಪ್ರಶ್ನೆಗಳಿಗೆ ಅಂಕಣವೇ ಇರಲಿಲ್ಲ. ಕೂಡ್ಲಿಗಿಯ ಕಡೆಯ ಹಳ್ಳಿಯೊಂದರಲ್ಲಿ ಹಾಡಿ ದಣಿದ ಮುದುಕಿಯೊಬ್ಬಳು 'ಹಾಡು ಬರಕಂಡ್ರಿ, ನನ್ನ ಕೇಳ್ಲೇ ಇಲ್ಲಲ್ರೀ' ಎಂದು ನಕ್ಕಳು. ಆ ಮಾತನ್ನು ಬರೆದುಕೊಳ್ಳಲು ನಮೂನೆಯಲ್ಲಿ ಜಾಗವಿರಲಿಲ್ಲ. ಹಾಳೆಯ ಬೆನ್ನಿಗೆ ಬರೆದುಕೊಂಡೆವು.

ನೆರೆಯ ಸಂಡೂರು ಸೀಮೆಯ ದರೋಜಿ ಈರಮ್ಮನವರ (ನಿಧನ 2014) ವಿಷಯವನ್ನೂ ಈ ಸಂದರ್ಭದಲ್ಲಿ ನೆನೆಯಬಹುದು. ಅಕ್ಷರ ಬಾರದ ಈ ಬುರ್ರಕಥೆಯ ಗಾಯಕಿ ರಾತ್ರಿಗಟ್ಟಲೆ ಹಾಡಿದ ಕಾವ್ಯಗಳು ಗ್ರಂಥರೂಪಕ್ಕೆ ಬಂದಿವೆ. ಅಷ್ಟು ದೀರ್ಘವಾದ ಕಾವ್ಯವನ್ನು ನೆನಪಿನಲ್ಲಿ ಕಟ್ಟಿಕೊಳ್ಳುವ ಉಪಾಯವೇನು, ಕೇಳುವವರು ತೂಕಡಿಸಿದರೆ ಕಥೆಯನ್ನು ಎಲ್ಲಿ ಮಡಿಚಬೇಕು ಎಂಬುದು ಅಂಥವರು ಮಾತ್ರ ಹೇಳಬಲ್ಲ ಕಾವ್ಯಮೀಮಾಂಸೆ. ಅಂಥವರ ಕಾವ್ಯದ ಮೇಲೆ ನಾವು ಪ್ರಬಂಧಗಳನ್ನು ಬರೆಯುತ್ತೇವೆ. ಆ ಮೀಮಾಂಸೆಯನ್ನು ಅನುಬಂಧಕ್ಕೆ ಹಾಕುತ್ತೇವೆ.

ಹಣದ ಮಾತು ಇನ್ನೂ ಸೂಕ್ಷ್ಮವಾದದ್ದು. ಜೋಗತಿಯರು ಮಂಗಳವಾರ, ಶುಕ್ರವಾರಗಳಲ್ಲಿ ಜೋಗಕ್ಕೆ ಹೊರಡುವರು. ಪಡಲಗಿಗೆ ಬಿದ್ದುದು ಭಿಕ್ಷೆ. ಅದೇ ಜೋಗತಿ ಅದೇ ಹಾಡನ್ನು ಸರಕಾರದ ಉತ್ಸವದಲ್ಲಿ ಹಾಡಿದರೆ ಬರುವುದು ಸಂಭಾವನೆ. ಎರಡಕ್ಕೂ ನಡುವೆ ಒಂದು ಅರ್ಜಿ ಇದೆ. ಅರ್ಜಿಯಲ್ಲಿ 'ಪರಂಪರೆಯ ಸೇವೆ' ಎಂದು ಬರೆದವರಿಗೆ ಮನ್ನಣೆ ಸುಲಭ. 'ಇದು ನನ್ನ ಕೆಲಸ, ಇದಕ್ಕೆ ಇಷ್ಟು ಕೂಲಿ' ಎಂದವರನ್ನು ಕಂಡರೆ ನಮ್ಮ ವಿದ್ಯಾವಂತರಿಗೆ ಏನೋ ಕಸಿವಿಸಿ. ಸಂಬಳ ಪಡೆದು ಸಾಹಿತ್ಯವನ್ನು ಬೋಧಿಸುವ ನಮಗೆ ಈ ಕಸಿವಿಸಿ ಒಪ್ಪುವಂಥದಲ್ಲ.

2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸುವ ಮುನ್ನ ಮಂಜಮ್ಮನವರು ಸೀರೆಯ ಸೆರಗು ಹಿಡಿದು ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ದೇಶವೆಲ್ಲ ಆ ದೃಶ್ಯವನ್ನು ಕಂಡಿತು. ಮುಗ್ಧತೆಯೆಂದು ಕೆಲವರು ಮೆಚ್ಚಿದರು. ನಮಗೆ ಅಲ್ಲಿ ಕಂಡದ್ದು ಮುಗ್ಧತೆಯಲ್ಲ. ಜೋಗಕ್ಕೆ ಬಂದವಳು ಪಡೆಯುವ ಮೊದಲು ಹರಸುವುದು ವಾಡಿಕೆ. ಆಶೀರ್ವಾದ ಅವಳ ಕಡೆಯಿಂದ ಹೋಗಬೇಕು, ಆಮೇಲೆ ಪಡಲಗಿಗೆ ಬೀಳಬೇಕು. ಆ ಸಭೆಯಲ್ಲಿಯೂ ಅವರು ಕ್ರಮ ತಪ್ಪಲಿಲ್ಲ.