ಓಜಸ್ಸು, ಪ್ರಸಾದ ಮತ್ತು ವಿಕ್ರಯ: ಮೆಟಾಲಿಕ ಗೋಷ್ಠಿಯ ಮಾರ್ಗಾಂತರವನ್ನು ಕುರಿತ ವಿವಾದದ ವಿಮರ್ಶೆ

ಕಾವ್ಯಮೀಮಾಂಸೆಗೂ ಶಾಸನವಿಚಾರಕ್ಕೂ ಮೀಸಲಾದ ಈ ಪುಟಗಳಲ್ಲಿ ಪಾಶ್ಚಾತ್ಯರ ಘೋರನಾದದ ಗೋಷ್ಠಿಯೊಂದರ ಮಾತನ್ನೆತ್ತುವುದು ವಾಚಕಮಹಾಶಯರಿಗೆ ಮೊದಲ ನೋಟಕ್ಕೆ ಅನುಚಿತವೆಂದು ತೋರಬಹುದು. ಆದರೆ ನಮ್ಮ ಆಲಂಕಾರಿಕರು ಹೇಳಿದ ಗುಣ, ರೀತಿ, ಔಚಿತ್ಯ ಮೊದಲಾದುವು ಕೇವಲ ಸಂಸ್ಕೃತಕಾವ್ಯಗಳ ಪರಿಭಾಷೆಯೋ, ಅಥವಾ ಮನುಷ್ಯಹೃದಯವನ್ನು ಮುಟ್ಟತಕ್ಕ ಕಲೆಗಳಿಗೆಲ್ಲ ಸಲ್ಲುವ ತತ್ತ್ವಗಳೋ ಎಂಬುದನ್ನು ಪರೀಕ್ಷಿಸಬೇಕಾದರೆ, ನಮಗೆ ಪರಿಚಯವಿಲ್ಲದ ಲೋಹವನ್ನೇ ಒರೆಗಲ್ಲಿಗೆ ತಿಕ್ಕಿ ನೋಡಬೇಕು. ಪ್ರಕೃತ ವಿಷಯದಲ್ಲಿ ಆ ಲೋಹಕ್ಕೆ ಹೆಸರೇ ಲೋಹವೆಂದಾಗಿರುವುದು ಕಾಕತಾಳೀಯವು.

ಸಂದರ್ಭವನ್ನು ಹೇಳುತ್ತೇನೆ. ನನ್ನ ಸೋದರಳಿಯನೂ ಅವನ ಬಾಲ್ಯಸ್ನೇಹಿತನೂ ಶಂಕರಪುರದ ನಮ್ಮ ಮನೆಯ ಜಗುಲಿಯ ಮೇಲೆ ಕುಳಿತು ಬೆಳೆದವರು. ಇಬ್ಬರೂ ‘ಹೆವಿ ಮೆಟಲ್’ ಎಂಬ ಸಂಗೀತದ ಉಪಾಸಕರು. 2007ನೆಯ ಮಾರ್ಚಿಯಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಗೋಷ್ಠಿಯು ಹಾಡಿದಾಗ ಇಬ್ಬರೂ ಒಟ್ಟಿಗೆ ಹೋಗಿ ಒಟ್ಟಿಗೆ ಬಂದರು. 2011ನೆಯ ಅಕ್ಟೋಬರ್ 30ರಂದು ಅದೇ ಮೈದಾನದಲ್ಲಿ ಅಮೆರಿಕದ ಮೆಟಾಲಿಕ ಗೋಷ್ಠಿಯು ಹಾಡಿತು. ಆಗಲೂ ಒಟ್ಟಿಗೆ ಹೋದರು. ಬರುವಾಗ ಬೇರೆಬೇರೆಯಾಗಿ ಬಂದರು. ‘ನಥಿಂಗ್ ಎಲ್ಸ್ ಮ್ಯಾಟರ್ಸ್’ ಎಂಬ ಗೀತೆಗೆ ಒಬ್ಬನು ಕಣ್ಣೀರಿಟ್ಟನಂತೆ. ಇನ್ನೊಬ್ಬನು ವೇದಿಕೆಗೆ ಬೆನ್ನುಮಾಡಿ ನಿಂತನಂತೆ. “ಇದು ಮಾರಾಟದ ಹಾಡು” ಎಂಬುದು ಅವನ ಆಕ್ಷೇಪ. ಮಾತಿಗೆ ಮಾತು ಬೆಳೆದು, ಆ ಹುಡುಗನು ನಮ್ಮ ಜಗುಲಿಗೆ ಬರುವುದನ್ನೇ ಬಿಟ್ಟನು. ಈಚೆಗೆ ಸೋದರಳಿಯನು “ನೀವು ಮಧ್ಯಸ್ಥರಾಗಿ ತೀರ್ಪು ಹೇಳಿ” ಎಂದು ನನ್ನನ್ನು ಕೇಳಿದನು. ಕೇಳದೆ ತೀರ್ಪು ಹೇಳುವುದು ಅಧರ್ಮವಾದುದರಿಂದ, ಆ ಗೋಷ್ಠಿಯ ಧ್ವನಿಮುದ್ರಿಕೆಗಳನ್ನು ಕಾಲಕ್ರಮದಲ್ಲಿ ಮೂರು ತಿಂಗಳು ಸಂಜೆಸಂಜೆಗೂ ಕೇಳಿದೆನು. ಅದರ ಫಲವೇ ಈ ಲೇಖನ.

ಮೊದಲು ವಿಷಯನಿರೂಪಣೆ. ಮೆಟಾಲಿಕ ಗೋಷ್ಠಿಯು 1981ರಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ಹುಟ್ಟಿತು. ವಿದ್ಯುದ್ಬಲದಿಂದ ಗರ್ಜಿಸುವ ಗಿಟಾರ್ ತಂತಿಗಳು, ಅತಿದ್ರುತವಾದ ಲಯ, ಇಮ್ಮಡಿ ಹೊಡೆತದ ಮದ್ದಲೆ, ಕರ್ಕಶಕಂಠ ಇವು ಅದರ ಸಾಮಗ್ರಿ. ಮರಳಿ ಮರಳಿ ಬರುವ ಒಂದು ಸ್ವರಗುಚ್ಛವು ನಮ್ಮ ಪಲ್ಲವಿಯಂತೆ ಗೀತೆಗೆ ಆಧಾರವಾಗಿರುವುದು. ಅದನ್ನು ಅವರು ‘ರಿಫ್’ ಎನ್ನುವರು. 1983ರಿಂದ 1988ರವರೆಗಿನ ನಾಲ್ಕು ಸಂಪುಟಗಳಲ್ಲಿ ಈ ರಚನೆಯು ಉತ್ತರೋತ್ತರ ಜಟಿಲವಾಯಿತು. 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಎಂಬ ಶೀರ್ಷಿಕಾಗೀತೆಯೊಂದೇ ಎಂಟೂವರೆ ನಿಮಿಷ ನಡೆಯುವುದು. 1988ರ ‘ಅಂಡ್ ಜಸ್ಟಿಸ್ ಫಾರ್ ಆಲ್’ ಎಂಬುದರಲ್ಲಿ ಒಂಬತ್ತೇ ಗೀತೆಗಳು 65 ನಿಮಿಷಗಳನ್ನು ತುಂಬಿವೆ. ಆ ಬಳಿಕ 1991ರಲ್ಲಿ, ಬಾಬ್ ರಾಕ್ ಎಂಬ ನಿರ್ಮಾಪಕನ ಸಹಾಯದಿಂದ, ಗೋಷ್ಠಿಯ ಹೆಸರನ್ನೇ ಹೊತ್ತ, ಕಪ್ಪು ಹೊದಿಕೆಯ ಐದನೆಯ ಸಂಪುಟವು ಹೊರಬಿದ್ದಿತು. ಗೀತೆಗಳು ಹ್ರಸ್ವವಾದುವು, ನಡೆ ತಗ್ಗಿತು, ರಾಗವು ಸುಲಭಗ್ರಾಹ್ಯವಾಯಿತು. ಅಮೆರಿಕದಲ್ಲಿಯೇ ಅದರ 1 ಕೋಟಿ 60 ಲಕ್ಷಕ್ಕೂ ಮಿಕ್ಕ ಪ್ರತಿಗಳು ಮಾರಿಹೋದುವು. ಅಂದು ಮೊದಲಾದ ಜಗಳವು ಇಂದಿಗೂ ನಿಂತಿಲ್ಲ.

ಪೂರ್ವಪಕ್ಷವು ಮೂರು ಬಗೆಯಾಗಿದೆ. ಒಂದನೆಯದು, ಜಟಿಲತೆಯನ್ನು ಬಿಟ್ಟುದರಿಂದ ಓಜಸ್ಸು ಹೋಯಿತೆಂಬುದು. ಎರಡನೆಯದು, ಮಾಧುರ್ಯವನ್ನು ಒಳಹೊಗಿಸಿದುದರಿಂದ ಜಾತಿಗೆಟ್ಟಿತೆಂಬುದು. ಮೂರನೆಯದು, ಇದೆಲ್ಲವೂ ಹಣಕ್ಕಾಗಿ ಆದುದರಿಂದ ವಿಕ್ರಯವೆಂಬುದು. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದಲೇ ವಿವಾದವು ಬಗೆಹರಿಯದೆ ಉಳಿದಿದೆಯೆಂದು ನನ್ನ ಅಭಿಪ್ರಾಯ. ಬಿಡಿಬಿಡಿಯಾಗಿ ಪರೀಕ್ಷಿಸೋಣ.

ಚಿತ್ತವನ್ನು ಉಜ್ಜ್ವಲಗೊಳಿಸಿ ವಿಸ್ತರಿಸುವುದು ಓಜಸ್ಸು, ಕರಗಿಸುವುದು ಮಾಧುರ್ಯ, ತಡೆಯಿಲ್ಲದೆ ಕೂಡಲೇ ವ್ಯಾಪಿಸುವುದು ಪ್ರಸಾದ; ಓಜಸ್ಸಿಗೆ ವೀರ, ಬೀಭತ್ಸ, ರೌದ್ರಗಳೂ, ಮಾಧುರ್ಯಕ್ಕೆ ಶೃಂಗಾರ, ಕರುಣ, ಶಾಂತಗಳೂ ನೆಲೆ; ಪ್ರಸಾದಕ್ಕೆ ಮಾತ್ರ ಎಲ್ಲ ರಸಗಳೂ ನೆಲೆಯೆಂಬುದು ಮಮ್ಮಟನ ವ್ಯವಸ್ಥೆ. ಹೆವಿ ಮೆಟಲ್ ಎಂಬುದು ಓಜಃಪ್ರಧಾನವಾದ ಸಂಗೀತವೆಂಬುದರಲ್ಲಿ ಸಂದೇಹವಿಲ್ಲ. ಹಾಗಾದರೆ ಓಜಸ್ಸಿಗೆ ಜಟಿಲತೆಯು ಅನಿವಾರ್ಯವೋ? ಈ ಪ್ರಶ್ನೆಯನ್ನು ಒಂಬತ್ತನೆಯ ಶತಮಾನದಲ್ಲಿಯೇ ಆನಂದವರ್ಧನನು ಎತ್ತಿ ಉತ್ತರಿಸಿದ್ದಾನೆ. ದೀರ್ಘಸಮಾಸಗಳ ಕಟ್ಟಡವೇ ಓಜಸ್ಸೆಂಬ ಭ್ರಾಂತಿಯನ್ನು ಕಳೆಯಲು ಅವನು ಭಟ್ಟನಾರಾಯಣನ ವೇಣೀಸಂಹಾರದಿಂದಲೇ ಎರಡು ಉದಾಹರಣೆಗಳನ್ನು ಕೊಡುತ್ತಾನೆ. ಭೀಮನ ಪ್ರತಿಜ್ಞೆಯು ದೀರ್ಘಸಮಾಸಗಳಿಂದ ಗಡಚಾಗಿದೆ. ತಂದೆಯನ್ನು ಕಳೆದುಕೊಂಡ ಅಶ್ವತ್ಥಾಮನ ಮಾತಿನಲ್ಲಿ ದೀರ್ಘಸಮಾಸವಿಲ್ಲ, ಕೇಳಿದೊಡನೆ ಅರ್ಥವಾಗುವುದು. ಎರಡೂ ರೌದ್ರವೇ, ಎರಡರಲ್ಲಿಯೂ ಓಜಸ್ಸು ಪೂರ್ಣವೇ. ಗುಣವು ರಸವನ್ನು ಆಶ್ರಯಿಸಿದುದು, ಕಟ್ಟಡವನ್ನಲ್ಲ.

ಇದನ್ನು ನಮ್ಮ ವಿಷಯಕ್ಕೆ ಹೊಂದಿಸಿ ನೋಡಿದರೆ, 1988ರ ಸಂಪುಟವು ಭೀಮನ ಮಾತು, 1991ರದು ಅಶ್ವತ್ಥಾಮನ ಮಾತು. ಮೊದಲನೆಯದರಲ್ಲಿ ಕಟ್ಟಡವು ಎಷ್ಟು ದಟ್ಟವಾಯಿತೆಂದರೆ ಮಂದ್ರತಂತಿಯ ವಾದ್ಯವು ಬಹುಮಟ್ಟಿಗೆ ಕಿವಿಗೇ ಬೀಳದು. ಇದನ್ನು ಅದರ ಅಭಿಮಾನಿಗಳೂ ಒಪ್ಪುವರು. ಎರಡನೆಯದರಲ್ಲಿ ಪ್ರತಿಯೊಂದು ವಾದ್ಯವೂ ತನ್ನ ಜಾಗದಲ್ಲಿ ನಿಂತು ಕೇಳಿಸುವುದು. ‘ಎಂಟರ್ ಸ್ಯಾಂಡ್‌ಮನ್’ ಎಂಬ ಗೀತೆಯಲ್ಲಿ ಮಗುವನ್ನು ನಿದ್ದೆಗೆ ಕಳುಹಿಸುವ ಮಾತಿನ ಹಿಂದೆ ದುಃಸ್ವಪ್ನದ ಭೀತಿ ಹೊಂಚುಹಾಕಿದೆ. ಒಂದೇ ರಿಫ್ ತಿರುಗಿ ತಿರುಗಿ ಬಂದು ಆ ಭೀತಿಯನ್ನು ಬೆಳೆಸುವುದು. ಇಲ್ಲಿ ಹತ್ತು ರಿಫ್‌ಗಳಿದ್ದಿದ್ದರೆ ಭಯಾನಕವು ಚೆದರಿಹೋಗುತ್ತಿತ್ತು. ‘ಸ್ಯಾಡ್ ಬಟ್ ಟ್ರೂ’ ಎಂಬುದರಲ್ಲಿ ಶ್ರುತಿಯನ್ನು ಒಂದು ಸ್ವರದಷ್ಟು ಇಳಿಸಿ, ನಡೆಯನ್ನು ತಡೆದು ಆನೆಯ ಹೆಜ್ಜೆಯಂತೆ ಮಾಡಿದ್ದಾರೆ. ಭಾರವು ಹೆಚ್ಚಿತೇ ಹೊರತು ಕಡಮೆಯಾಗಲಿಲ್ಲ. ಆದುದರಿಂದ ಮೊದಲನೆಯ ಆಕ್ಷೇಪವು ನಿಲ್ಲುವುದಿಲ್ಲ. ಬಂದುದು ಪ್ರಸಾದ, ಹೋದುದು ಓಜಸ್ಸಲ್ಲ.

ಎರಡನೆಯ ಆಕ್ಷೇಪವು ಸೂಕ್ಷ್ಮವಾದುದು. ‘ನಥಿಂಗ್ ಎಲ್ಸ್ ಮ್ಯಾಟರ್ಸ್’ ಮಧುರವೆಂಬುದು ನಿಜವೇ. ಎಡಗೈಯಿಂದ ಒತ್ತದೆ ಬರಿಯ ತಂತಿಗಳನ್ನು ಮೀಟುವುದರಿಂದ ಅದು ಮೊದಲಾಗುವುದು. ಲಯವು ತಿಶ್ರದ ತೂಗು. ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ತಾನೇ ಹೇಳಿಕೊಂಡಿರುವಂತೆ, ದೂರದಲ್ಲಿದ್ದ ಪ್ರಿಯತಮೆಯೊಡನೆ ದೂರವಾಣಿಯಲ್ಲಿ ಮಾತಾಡುತ್ತ ಬೆರಳಿಗೆ ಬಂದ ಸ್ವರಗಳಿವು. ತನಗಾಗಿಯೇ ಇಟ್ಟುಕೊಂಡಿದ್ದ ಗೀತೆಯಿದು. ವಿಷಯವು ವಿಪ್ರಲಂಭವೆಂಬುದು ಇದರಿಂದ ಸ್ಪಷ್ಟ. ವಿಪ್ರಲಂಭಕ್ಕೆ ಮಾಧುರ್ಯವಲ್ಲದೆ ಮತ್ತಾವ ಗುಣವು ಸಲ್ಲುವುದು? ಇಲ್ಲಿ ಮದ್ದಲೆಯ ಸಿಡಿಲನ್ನು ಬಾರಿಸಿದ್ದರೆ ಅದೇ ದೋಷವಾಗುತ್ತಿತ್ತು. ಮೇಲಾಗಿ ಮಾಧುರ್ಯವು ಈ ಗೋಷ್ಠಿಗೆ 1991ರಲ್ಲಿ ಅಂಟಿದ ರೋಗವಲ್ಲ. 1984ರ ‘ಫೇಡ್ ಟು ಬ್ಲ್ಯಾಕ್’ ಎಂಬ ನಿರ್ವೇದಗೀತೆಯು ಮೃದುವಾದ ತಂತಿಯಿಂದಲೇ ಆರಂಭವಾಗುವುದು. ಆಗಲೂ ಕೆಲವರು ದ್ರೋಹವೆಂದು ಕೂಗಿದ್ದರು. ಇಂದು ಅದೇ ಗೀತೆಯನ್ನು ಶುದ್ಧಮಾರ್ಗದ ನಿದರ್ಶನವೆಂದು ಅವರ ಶಿಷ್ಯರು ಮೆರೆಸುತ್ತಾರೆ.

ಇಂಥ ಪ್ರಸಂಗವು ನಮ್ಮ ಸಾಹಿತ್ಯಕ್ಕೆ ಹೊಸದಲ್ಲ. ಹರಿಹರನು ಗಿರಿಜಾಕಲ್ಯಾಣವನ್ನು ಚಂಪುವಿನ ಪ್ರೌಢಮಾರ್ಗದಲ್ಲಿ ಬರೆದು, ಶಿವಶರಣರ ಚರಿತೆಗಳಿಗೆ ರಗಳೆಯನ್ನು ಹಿಡಿದನು. ವೃತ್ತ ಕಂದಗಳ ಬಿಗಿಯನ್ನು ಮೆಚ್ಚಿದವರಿಗೆ ರಗಳೆಯ ಓಟವು ಇಳಿತವೆಂದೇ ತೋರಬಹುದು. ಆದರೆ ಭಕ್ತಿಯ ಆವೇಗಕ್ಕೆ ಆ ಓಟವೇ ಉಚಿತವಾಗಿದ್ದಿತು. ಇಂದು ಹರಿಹರನೆಂದರೆ ರಗಳೆಯ ಕವಿಯೆಂದೇ ನಾವು ನೆನೆಯುವೆವು. ಹಾಗೆಂದು ರಗಳೆ ಬರೆದವರೆಲ್ಲರೂ ಹರಿಹರರಾಗಲಿಲ್ಲ ಎಂಬುದನ್ನೂ ಮರೆಯಲಾಗದು.

ಈ ಕಡೆಯ ಮಾತು 1996ರ ‘ಲೋಡ್’ ಎಂಬ ಸಂಪುಟಕ್ಕೆ ಸಲ್ಲುವುದು. ಅದು ಬಂದಾಗ ಗೋಷ್ಠಿಯವರು ನೀಳ್ಗೂದಲನ್ನು ಕತ್ತರಿಸಿ, ಕಣ್ಣಿಗೆ ಕಾಡಿಗೆ ತೀಡಿ ಚಿತ್ರ ತೆಗೆಯಿಸಿಕೊಂಡಿದ್ದರೆಂದು ಅಭಿಮಾನಿಗಳು ಕೆರಳಿದರು. ಆಹಾರ್ಯವನ್ನು ಕಂಡು ಸಂಗೀತವನ್ನು ನಿರ್ಣಯಿಸುವುದು ಸಲ್ಲದು. ಕ್ಷೌರವು ಕಾವ್ಯದೋಷಗಳ ಪಟ್ಟಿಯಲ್ಲಿಲ್ಲ. ಹ್ರಸ್ವವಾದುದೇ ‘ಪಾಪ್’ ಎಂಬ ಲಕ್ಷಣವೂ ಇಲ್ಲಿ ಮುರಿದುಬೀಳುವುದು; ಏಕೆಂದರೆ ಅದರಲ್ಲಿ 14 ಗೀತೆಗಳು, ಕಾಲವು 79 ನಿಮಿಷ. ಹಿಂದಿನ ಯಾವ ಸಂಪುಟಕ್ಕಿಂತಲೂ ಇದು ದೀರ್ಘ. ಆದರೂ ದೋಷವಿದೆ. ಅರ್ಬುದರೋಗದ ವೇದನೆಯನ್ನು ಹೇಳುವ ‘ಅಂಟಿಲ್ ಇಟ್ ಸ್ಲೀಪ್ಸ್’, ತಾಯಿಯನ್ನು ನೆನೆಯುವ ‘ಮಾಮಾ ಸೆಡ್’ ಇವುಗಳಲ್ಲಿ ಸ್ವರವೂ ಭಾವವೂ ಕೂಡಿವೆ. ಆದರೆ ಒಳಗೊಳಗೇ ಕುದಿದು ಕೊಲೆಗೆ ಕೈಯೆತ್ತಿದ ಬಾಲಕನ ಕಥೆಯನ್ನು ಹೇಳುವ ‘ರಾನಿ’ ಎಂಬ ಗೀತೆಯು ಜಾತ್ರೆಯ ಉಯ್ಯಾಲೆಯಂತೆ ತೂಗುವುದು. ರಕ್ತವು ಹರಿದ ಸ್ಥಳದಲ್ಲಿ ಸ್ವರಗಳು ಸೋಮಾರಿಯಾಗಿ ಅಡ್ಡಾಡುತ್ತವೆ. ರಸಭಂಗಕ್ಕೆ ಅನೌಚಿತ್ಯಕ್ಕಿಂತ ಬೇರೆ ಕಾರಣವಿಲ್ಲವೆಂದು ಪ್ರಾಚೀನರು ನಿರ್ಣಯಿಸಿರುವುದು ಇಂಥ ಕಡೆಯನ್ನು ಕಂಡೇ. ಆದುದರಿಂದ ಆಕ್ಷೇಪಕರ ದುಃಖವು ನಿರಾಧಾರವಲ್ಲ. ಅವರು ಅದನ್ನು ಐದು ವರ್ಷ ಮೊದಲಿನ ಸಂಪುಟದ ಮೇಲೆ ಹೊರಿಸಿದುದೂ, ‘ಬದಲಾದರು’ ಎಂಬುದನ್ನೇ ಹೇತುವಾಗಿ ಹೇಳಿದುದೂ ತಪ್ಪು. ಬದಲಾದುದು ದೋಷವಲ್ಲ, ಭಾವವನ್ನು ಬಿಟ್ಟು ಬದಲಾದುದು ದೋಷ.

ಇನ್ನು ವಿಕ್ರಯವೆಂಬ ಮೂರನೆಯ ಆಕ್ಷೇಪ. ಇದನ್ನು ಕುರಿತು ಬರೆಯುವಾಗ ನಾನು ತಟಸ್ಥನಲ್ಲವೆಂದು ಮೊದಲೇ ಒಪ್ಪಿಕೊಳ್ಳುವುದು ನ್ಯಾಯ. ಇಪ್ಪತ್ತೈದು ವರ್ಷಗಳ ಹಿಂದೆ ನಾನು ಒಂದು ಸಭಾಮಂದಿರದಲ್ಲಿ ಕಾವ್ಯಪ್ರಕಾಶವನ್ನು ಕನ್ನಡದಲ್ಲಿ, ಕಛೇರಿಯಿಂದ ಹಿಂದಿರುಗುವ ಗೃಹಸ್ಥರಿಗೂ ಗೃಹಿಣಿಯರಿಗೂ ತಿಳಿಯುವಂತೆ, ಸಂಜೆಯ ಹೊತ್ತು ಹೇಳತೊಡಗಿದೆನು. ಜನ ಸೇರಿದರು, ಸಂಭಾವನೆಯೂ ಬಂದಿತು. ನನಗೆ ಶಾಸ್ತ್ರವನ್ನು ಕಲಿಸಿದ ಗುರುಗಳಿಗೆ ಇದು ತಿಳಿದು, “ಪಂಕ್ತಿಯನ್ನು ಬಿಟ್ಟು ಕಥೆ ಹೇಳುತ್ತೀಯೆ, ಶಾಸ್ತ್ರವನ್ನು ಸೇರಿನಲ್ಲಿ ಅಳೆದು ಮಾರಿದೆ” ಎಂದರು. ಆ ಮೇಲೆ ಅವರು ಬದುಕಿದ್ದ ನಾಲ್ಕು ವರ್ಷಗಳಲ್ಲಿ ನನ್ನೊಡನೆ ವಾಕ್ಯಾರ್ಥಕ್ಕೆ ಕೂಡಲಿಲ್ಲ. ಅಂದು ನನಗೆ ಕೋಪ ಬಂದಿತ್ತು. ಸೋದರಳಿಯನ ಸ್ನೇಹಿತನ ಮಾತನ್ನು ಕೇಳಿದ ಮೇಲೆ ಗುರುಗಳ ಮಾತಿನ ಮೂಲವು ಹೊಳೆಯಿತು. ಆ ಹುಡುಗನು ಹೇಳಿದುದು ಇಷ್ಟು: “ಯಾರಿಗೂ ಬೇಡದಿದ್ದಾಗ ಅದು ನಮ್ಮದಾಗಿತ್ತು, ಒಂದು ಕ್ಯಾಸೆಟ್ಟನ್ನು ಆರು ಮಂದಿ ಹಂಚಿಕೊಂಡು ಕೇಳಿದೆವು. ಈಗ ಯಾರು ಬೇಕಾದರೂ ಗುನುಗುತ್ತಾರೆ.” ಇದು ಲೋಭವಲ್ಲ. ಕಷ್ಟದಿಂದ ಸಂಪಾದಿಸಿದ ಸಹೃದಯತ್ವವು ಸುಲಭವಾಗಿ ಹಂಚಿಹೋದಾಗ ತನ್ನ ಶ್ರಮಕ್ಕೆ ಬೆಲೆಯಿಲ್ಲದಾಯಿತೆಂಬ ನೋವು. ಗುರುಗಳು ಹನ್ನೆರಡು ವರ್ಷ ಓದಿ ಪಡೆದುದನ್ನು ನಾನು ನಲವತ್ತು ಸಂಜೆಗಳಲ್ಲಿ ಕೊಟ್ಟೆನೆಂಬಂತೆ ಕಂಡಿರಬೇಕು.

ನೋವು ನಿಜವಾದರೂ ಅದು ಪ್ರಮಾಣವಲ್ಲ. ಹಣ ಬಂದಿತೆಂಬುದರಿಂದ ವಿಕ್ರಯವು ಸಿದ್ಧಿಸುವುದಾದರೆ ರಾಜಾಶ್ರಯದಲ್ಲಿದ್ದ ಕವಿಗಳೆಲ್ಲರೂ ವರ್ತಕರಾಗಬೇಕು. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಗಣದಾಸ ಹರದತ್ತರೆಂಬ ನಾಟ್ಯಾಚಾರ್ಯರಿಬ್ಬರು ಕಲಹಕ್ಕೆ ನಿಂತಾಗ, ಮಧ್ಯಸ್ಥಳಾದ ಪರಿವ್ರಾಜಿಕೆಯು ಅವರ ಬಾಯಿಮಾತನ್ನಾಗಲಿ ಸಂಬಳವನ್ನಾಗಲಿ ತೂಗಲಿಲ್ಲ. ಪ್ರಯೋಗವನ್ನು ಕಂಡು ನಿರ್ಣಯಿಸಿದಳು. ನಮಗೂ ಅದೇ ದಾರಿ. ಕಲಾವಿದನ ಮನಸ್ಸಿನೊಳಗಿನ ಲೆಕ್ಕದ ಪುಸ್ತಕವು ನಮಗೆ ಕಾಣದು, ಕೃತಿಯೊಂದು ಕಾಣುವುದು. ಕೃತಿಯಲ್ಲಿ ಔಚಿತ್ಯವಿದ್ದರೆ ಕೋಟಿ ಮಂದಿ ಕೊಂಡರೂ ಅದು ಮಾರಿಹೋದುದಲ್ಲ; ಇಲ್ಲದಿದ್ದರೆ ಒಬ್ಬನೂ ಕೊಳ್ಳದಿದ್ದರೂ ಅದು ಶುದ್ಧವಲ್ಲ.

ನಮ್ಮ ಊರಿನಲ್ಲಿಯೇ ಇದಕ್ಕೆ ಒಂದು ನಿದರ್ಶನವಿದೆ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕ್ರಿಪ್ಟೋಸ್ ಎಂಬ ಗೋಷ್ಠಿಯು 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ಹಾಡಿಬಂದಿತು. ಈಚಿನ ಸಂಪುಟಗಳಲ್ಲಿ ಇವರ ತಂತಿಗಳು ಮೊದಲಿಗಿಂತ ಇಂಪಾಗಿವೆ. ಕಂಠವು ಮಾತ್ರ ಕರ್ಕಶವಾಗಿಯೇ ಉಳಿದಿದೆ. ಒಂದು ಗುಣಕ್ಕೆ ಎಡೆಗೊಟ್ಟು ಇನ್ನೊಂದನ್ನು ಕಾಯ್ದುಕೊಳ್ಳುವುದು ಸಾಧ್ಯವೆಂದು ಇದರಿಂದ ತಿಳಿಯುವುದು.

ಹೀಗೆ ತೀರ್ಪು ಹೇಳುವುದಾದರೆ, 1991ರ ವಿಷಯದಲ್ಲಿ ಸೋದರಳಿಯನೂ, 1996ರ ವಿಷಯದಲ್ಲಿ ಬಹುಮಟ್ಟಿಗೆ ಅವನ ಸ್ನೇಹಿತನೂ ಗೆದ್ದಿರುವರು. ಈ ಲೇಖನದ ಕರಡನ್ನು ಇಬ್ಬರಿಗೂ ಕಳುಹಿಸಿದ್ದೆನು. ಸ್ನೇಹಿತನು ಒಪ್ಪಲಿಲ್ಲ; ಆದರೆ ತನ್ನ ಉತ್ತರವನ್ನು ಎದುರಿಗೇ ಹೇಳಬೇಕೆಂದು ಕಳೆದ ಭಾನುವಾರ ಜಗುಲಿಗೆ ಬಂದು, ದೀಪ ಹಚ್ಚುವವರೆಗೂ ವಾದಿಸಿದನು. ನನ್ನ ಗುರುಗಳಿಂದ ನನಗೆ ದೊರೆಯದೆ ಹೋದ ವಾಕ್ಯಾರ್ಥವು ಅಂದು ದೊರೆಯಿತು. ಸಹೃದಯರು ಈ ವಿಚಾರದಲ್ಲಿ ದೋಷ ಕಂಡರೆ ತಿದ್ದಬೇಕೆಂದು ಪ್ರಾರ್ಥಿಸಿ ಲೇಖನವನ್ನು ಮುಗಿಸುವೆನು.