ಎರೆನೆಲದ ಮನೆ ಮತ್ತು ದುರಸ್ತಿಯ ಗೆರೆ

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಸಿದ್ಧಪಡಿಸುವ ರಾಷ್ಟ್ರಧ್ವಜವು ನೂಲಿನ ಎಳೆಯಿಂದ ಬಣ್ಣದ ಛಾಯೆಯವರೆಗೆ ಭಾರತೀಯ ಮಾನಕ ಬ್ಯೂರೋದ ಅಳತೆಗೆ ಒಳಪಡುತ್ತದೆ; ಅದೇ ಊರಿನ ಮನೆಗಳ ಗೋಡೆ, ತಂತಿ, ಕೊಳವೆಗಳ ದುರಸ್ತಿಯಾದರೋ ಬಹುಮಟ್ಟಿಗೆ ಕಣ್ಣಂದಾಜಿನಲ್ಲೇ ಮುಗಿಯುತ್ತದೆ. ಯಾವ ಕೆಲಸವನ್ನು ಮನೆಯವರೇ ಮಾಡಿಕೊಳ್ಳಬಹುದು, ಯಾವುದಕ್ಕೆ ಗೌಂಡಿಯನ್ನೋ ವಾಯರ್‌ಮನ್‌ನನ್ನೋ ಕರೆಯಬೇಕು, ಯಾವುದಕ್ಕೆ ಅವರಿಗಿಂತ ಮೊದಲು ಎಂಜಿನಿಯರರನ್ನು ಕೇಳಬೇಕು ಎಂಬುದನ್ನು ಕೆಲಸದ ಸ್ವರೂಪಕ್ಕಿಂತ ಹೆಚ್ಚಾಗಿ ಅದರ ಖರ್ಚೇ ತೀರ್ಮಾನಿಸುತ್ತಿರುವುದು ಈ ರೂಢಿಯ ಮೂಲದೋಷ.

ಕೆಲಸದ ಸ್ವರೂಪ ನೋಡಿ ತೀರ್ಮಾನಿಸುವ ವಿವೇಚನೆ ಈ ಸೀಮೆಗೆ ಹೊಸದೇನಲ್ಲ. ಮಣ್ಣಿನ ಮಾಳಿಗೆಯ ಮನೆಗಳಿದ್ದ ಕಾಲದಲ್ಲಿ ಮಳೆಗೆ ಮುಂಚೆ ಮೇಲೆ ಮಣ್ಣು ಹರಡಿ ಬಡಿಯುವುದು, ಗೋಡೆ ಸಾರಿಸುವುದು ಮನೆಮಂದಿಯ ಕೆಲಸವಾಗಿತ್ತು. ತೊಲೆ ಬಾಗಿದರೆ, ಜಂತಿಗೆ ಗೆದ್ದಲು ಹಿಡಿದರೆ ಮಾತ್ರ ಬಡಿಗನಿಗೆ ಕರೆ ಹೋಗುತ್ತಿತ್ತು. ಭಾರ ಹೊರುವ ಅಂಗಕ್ಕೂ ಹೊದಿಕೆಗೂ ಇರುವ ಭೇದವನ್ನು ಆ ವ್ಯವಸ್ಥೆ ಚೆನ್ನಾಗಿ ಅರಿತಿತ್ತು. ಸಿಮೆಂಟಿನ ಮನೆಯಲ್ಲಿ ತೊಲೆಯ ಕೆಲಸ ಮಾಡುವ ಕಬ್ಬಿಣ ಕಣ್ಣಿಗೆ ಬೀಳದೆ ಕಾಂಕ್ರೀಟಿನೊಳಗೆ ಅಡಗಿರುವುದರಿಂದ ಆ ಭೇದ ಮಸುಕಾಗಿದೆ.

ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಕಾನೂನು ಈ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೆಯ ನಿಯಮವು ದೀಪ, ಫ್ಯಾನ್, ಫ್ಯೂಸ್, ಸ್ವಿಚ್ ಮೊದಲಾದವುಗಳ ಬದಲಾವಣೆಯನ್ನು, ಅದರಿಂದ ವೈರಿಂಗಿನ ಸಾಮರ್ಥ್ಯವಾಗಲಿ ಲಕ್ಷಣವಾಗಲಿ ಬದಲಾಗದಿದ್ದರೆ, ಯಾರಾದರೂ ಮಾಡಲು ಬಿಟ್ಟು, ಉಳಿದ ಕೆಲಸವನ್ನೆಲ್ಲ ಪರವಾನಗಿ ಪಡೆದ ಗುತ್ತಿಗೆದಾರರಿಗೆ ಒಪ್ಪಿಸಿತು. 2010ರ ಸುರಕ್ಷತಾ ನಿಯಮಾವಳಿಯೂ ಇದೇ ಗೆರೆಯನ್ನು ಉಳಿಸಿಕೊಂಡಿತು. ಕೆಲಸ ಸಣ್ಣದೋ ದೊಡ್ಡದೋ ಎಂದು ಕೇಳದೆ, ವ್ಯವಸ್ಥೆ ಮೊದಲಿನಂತೆಯೇ ಉಳಿಯುತ್ತದೆಯೋ ಇಲ್ಲವೋ ಎಂದು ಕೇಳುವುದೇ ಈ ನಿಯಮದ ಹೆಚ್ಚುಗಾರಿಕೆ. ಸ್ವಿಚ್ ಬದಲಿಸುವುದು ಒಂದು. ಹಳೆಯ ದೀಪದ ತಂತಿಗೆ ಗೀಜರ್ ಜೋಡಿಸುವುದು ಇನ್ನೊಂದು. ಎರಡನೆಯದು ಅರ್ಧ ಗಂಟೆಯ ಕೆಲಸವಾದರೂ ಆ ತಂತಿ ಹೊರಬೇಕಾದ ವಿದ್ಯುತ್ತನ್ನು ಅದು ಹಲವು ಪಟ್ಟು ಹೆಚ್ಚಿಸುತ್ತದೆ. ಪದೇ ಪದೇ ಹೋಗುವ ಫ್ಯೂಸಿಗೆ ದಪ್ಪ ತಂತಿ ಸುತ್ತುವ ಚಾಳಿಯೂ ಇದೇ ಜಾತಿಯದು, ಮತ್ತು ಅದಕ್ಕಿಂತ ಅಪಾಯಕಾರಿ.

ಗೋಡೆಗಳ ದುರಸ್ತಿಯಲ್ಲಿ ಅಂಥ ಗೆರೆ ರೂಢಿಯಲ್ಲಿಲ್ಲ. ಎರೆಮಣ್ಣಿನ ಈ ಸೀಮೆಯಲ್ಲಿ ಅದರ ಅಗತ್ಯವೇ ಹೆಚ್ಚು. ಹುಬ್ಬಳ್ಳಿಯಿಂದ ನವಲಗುಂದದ ಕಡೆಗೆ ಹರಡಿರುವ ಕಪ್ಪುನೆಲವು ಮಾಂಟ್‌ಮೋರಿಲೊನೈಟ್ ಎಂಬ ಜೇಡಿ ಖನಿಜವನ್ನು ಹೇರಳವಾಗಿ ಒಳಗೊಂಡಿದ್ದು, ನೀರು ಕುಡಿದಾಗ ಉಬ್ಬಿ, ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಆಳವಿಲ್ಲದ ಅಡಿಪಾಯದ ಮನೆ ಆ ನೆಲದೊಡನೆ ಏರಿಳಿಯುತ್ತದೆ. ಇಂಥ ಮಣ್ಣಿಗಾಗಿಯೇ ಎಂಜಿನಿಯರರು ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಂಬಗಳನ್ನು, ಸಾಮಾನ್ಯವಾಗಿ 3.5 ಮೀಟರ್ ಆಳಕ್ಕೆ, ಇಳಿಸುತ್ತಾರೆ. ಋತುಮಾನದ ಏರಿಳಿತ ಆ ಆಳವನ್ನು ಹೆಚ್ಚಾಗಿ ತಲುಪದು. ಗಿಲಾವಿನ ಮೇಲೆ ಕೂದಲೆಳೆಯಂತೆ ಹರಡಿದ ಬಿರುಕುಗಳನ್ನು ಮನೆಯವರೇ ಪುಟ್ಟಿ ತುಂಬಿ ಮುಚ್ಚಬಹುದು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ಇಟ್ಟಿಗೆಯ ಸಂದುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಾಗಿ, ಗೋಡೆಯ ಎರಡೂ ಬದಿಗೆ ಕಾಣುವ ಬಿರುಕು ಬೇರೆಯ ಮಾತು. ಅದರ ಅಗಲ 5 ಮಿಲಿಮೀಟರ್ ದಾಟಿದ್ದರೆ, ಅಥವಾ ಬೇಸಗೆಯಲ್ಲಿ ತೆರೆದು ಮಳೆಗಾಲದಲ್ಲಿ ಮುಚ್ಚುತ್ತಿದ್ದರೆ, ಪ್ರತಿ ದೀಪಾವಳಿಗೆ ಸಿಮೆಂಟು ಮೆತ್ತಿ ಬಣ್ಣ ಬಳಿಯುವುದರಿಂದ ಬಿರುಕಿನ ಸಾಕ್ಷ್ಯ ಅಳಿಯುತ್ತದೆಯೇ ಹೊರತು ಬಿರುಕು ನಿಲ್ಲುವುದಿಲ್ಲ.

ಬಿರುಕಿನ ಕಾರಣ ಎಷ್ಟೋ ಸಲ ಗೋಡೆಯಲ್ಲಿರದೆ ನೀರಿನಲ್ಲಿರುತ್ತದೆ. ಹುಬ್ಬಳ್ಳಿಯ ಬಹುಭಾಗಕ್ಕೆ ಮಲಪ್ರಭೆಯ ನೀರು ದಿನಗಟ್ಟಲೆ ಅಂತರದಲ್ಲಿ ಬರುತ್ತಿದ್ದುದರಿಂದ ನೆಲದಡಿಯ ಸಂಪು ಮನೆಮನೆಯ ಅಂಗವಾಯಿತು. ನಲ್ಲಿಯ ವಾಷರ್ ಸವೆದು ತೊಟ್ಟಿಕ್ಕಿದರೆ ಮನೆಯವರ ಕೈಯಲ್ಲೇ ಸರಿಹೋಗುತ್ತದೆ. ಸಂಪೋ ಹೂತ ಕೊಳವೆಯೋ ಅಡಿಪಾಯದ ಪಕ್ಕದಲ್ಲಿ ಸೋರಿದರೆ ಎರೆಮಣ್ಣು ಒಂದೇ ಮಗ್ಗುಲಿಗೆ ಉಬ್ಬುವುದರಿಂದ ಪ್ಲಂಬರನ ಕೆಲಸ ಎಂಜಿನಿಯರನ ಕೆಲಸವೂ ಆಗುತ್ತದೆ. ಸೋರುವ ಛಾವಣಿಯ ಮೇಲೆ ಪದರದ ಮೇಲೆ ಪದರ ಗಾರೆ ಹಾಕುವುದಂತೂ ಮಾಳಿಗೆಗೆ ಮಣ್ಣು ಹಾಕುವ ಹಳೆಯ ಸಂಪ್ರದಾಯದ ಕುರುಡು ಮುಂದುವರಿಕೆ: ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತಿರುವಾಗ ಮೇಲಿನ ಭಾರ ಮಾತ್ರ ಹೆಚ್ಚುತ್ತದೆ.

ಹಾಗೆಂದು ಎಲ್ಲ ಹೊಣೆಯನ್ನೂ ಗೌಂಡಿಯ ಮೇಲೆ ಹೊರಿಸುವುದು ಅನ್ಯಾಯ. ಮುಚ್ಚಿಕೊಡು ಎಂದವರಿಗೆ ಅವನು ಮುಚ್ಚಿಕೊಡುತ್ತಾನೆ. ಕಾರಣ ಹುಡುಕಲು ಅವನಿಗೆ ಯಾರೂ ಕೂಲಿ ಕೊಡುವುದಿಲ್ಲ. ಕಣ್ಣಿಗೆ ಕಾಣುವ ಸಿಮೆಂಟಿಗೆ ಹಣ ಕೊಡುವ ಮನೆಯೊಡೆಯರು ಒಂದು ಭೇಟಿಯ ಸಲಹೆಗೆ ಹಣ ಕೊಡಲು ಹಿಂಜರಿಯುತ್ತಾರೆ, ಕಟ್ಟುವಾಗ ನಕ್ಷೆಗೆ ಎಂಜಿನಿಯರರ ಸಹಿ ಮಾಡಿಸಿದವರೂ ದುರಸ್ತಿಯ ಹೊತ್ತಿಗೆ ಅವರನ್ನು ಮರೆಯುತ್ತಾರೆ. ವಿದ್ಯುತ್ ಕೆಲಸಕ್ಕೆ ಬಂದವರ ಪರವಾನಗಿ ಕೇಳುವುದನ್ನು ಅವರಿಗೆ ಮಾಡುವ ಅವಮಾನವೆಂದು ಭಾವಿಸುವ ಸಂಕೋಚವೂ ಇದರೊಡನೆ ಸೇರಿದೆ. ಎರೆನೆಲದ ಮನೆಯವರು ಬೇಸಗೆಯಲ್ಲಿ ಗೌಂಡಿಯನ್ನು ಕರೆಯುವ ಮುನ್ನ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕವನ್ನೂ ಅಗಲವನ್ನೂ ಬರೆದು, ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ಅಳೆದು ನೋಡಲಿ. ಬಿರುಕು ಗೆರೆ ದಾಟಿದ್ದರೆ, ಅಥವಾ ಅದರ ಅಗಲ ಬದಲಾಗಿದ್ದರೆ, ಆ ಟಿಪ್ಪಣಿಯನ್ನು ಮೊದಲು ತೋರಿಸಬೇಕಾದದ್ದು ಎಂಜಿನಿಯರರಿಗೆ.