ನೇರಳೆಯಾಚೆಯ ತಿಳಿ

ತಿಳಿಸಾರು ಬಡಿಸಲು ಬಲ್ಲವರು ಪಾತ್ರೆಯನ್ನು ಕದಡುವುದಿಲ್ಲ. ಬೇಳೆ ತಳ ಹಿಡಿಯುವವರೆಗೆ ಕಾದು, ಸೌಟನ್ನು ಮೇಲ್ಮೇಲೆ ಆಡಿಸಿ ತಿಳಿಯನ್ನಷ್ಟೇ ಎತ್ತುತ್ತಾರೆ. ನೀರಿನ ಬಗ್ಗಡ ಕೂರುವುದಕ್ಕೂ ಮನುಷ್ಯನಿಗೆ ಒಂದು ಸಂಗತಿ ಗೊತ್ತಾಗುವುದಕ್ಕೂ ಕನ್ನಡದಲ್ಲಿ ಒಂದೇ ಮಾತು, ತಿಳಿಯುವುದು. ಈ ಮಾತಿನ ರುಚಿ ನನಗೆ ಹತ್ತಿದ್ದು ಅಡುಗೆಮನೆಯಲ್ಲಲ್ಲ. ಡೊಂಬಿವಲಿ ಪೂರ್ವದ ನಮ್ಮ ಹಾಲ್‌ನಲ್ಲಿ, ಮೂರಡಿ ಉದ್ದದ ಮೀನಿನ ಟ್ಯಾಂಕಿನ ಎದುರು.

ಟ್ಯಾಂಕಿನಲ್ಲಿ ಸುಮಾರು 150 ಲೀಟರ್ ನೀರು, ಆರು ಮಿಸ್ ಕೇರಳ ಮೀನು. ಹೆಸರು ಕೇಳಿ ಅವನ್ನು ಪೂರ್ತಿ ಆಚೆಯವರಿಗೆ ಬಿಟ್ಟುಕೊಡಬೇಕಿಲ್ಲ. ಕಾಸರಗೋಡಿನ ಚಂದ್ರಗಿರಿಯಲ್ಲೂ ಇವು ಇವೆ. ಆ ಹೊಳೆಯೇ ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯದಲ್ಲಿ ಪಯಸ್ವಿನಿ ಎನಿಸಿಕೊಂಡು ಇಳಿದು ಬಂದದ್ದು. 1865ರಲ್ಲಿ ಫ್ರಾನ್ಸಿಸ್ ಡೇ ಈ ಮೀನನ್ನು ಶಾಸ್ತ್ರಕ್ಕೆ ಸೇರಿಸಿದಾಗ ಮದ್ರಾಸಿನ ಗವರ್ನರ್ ಡೆನಿಸನ್ ಸಾಹೇಬರ ಹೆಸರು ಅಂಟಿಸಿದ. ಬೆಳ್ಳಿಯ ಮೈ. ಮೂತಿಯಿಂದ ಹೊರಟು ಬೆನ್ನರೆಕ್ಕೆಯ ಕೆಳಗೆ ತಟ್ಟನೆ ನಿಂತುಬಿಡುವ ಕುಂಕುಮದ ಗೆರೆ. ಅದರಡಿಗೆ ಬಾಲದವರೆಗೂ ಎಳೆದ ಕಾಡಿಗೆ. ಆರೂ ಒಟ್ಟಿಗೆ ತಿರುಗಿದಾಗ ಯಾರೋ ಸೀರೆಯ ಅಂಚು ಕೊಡವಿದಂತೆ.

ಕಳೆದ ಏಪ್ರಿಲ್‌ನಲ್ಲಿ ಆ ಅಂಚೇ ಕಾಣದಾಯಿತು. ಪೂರ್ವದ ಕಿಟಕಿಯ ಬಿಸಿಲು, ನನ್ನ ಧಾರಾಳ ಕೈಯ ಮೀನಿನ ಆಹಾರ, ಎರಡೂ ಸೇರಿ ನೀರು ಹಸಿರಾಗುತ್ತ ಹೋಗಿ ಪಾಲಕ್ ಸಾರಿನಂತಾಯಿತು. ಅರ್ಧ ನೀರು ಬದಲಿಸಿದೆ. ಎರಡೇ ದಿನಕ್ಕೆ ಮತ್ತೆ ಅದೇ. ಇದು ಕೆಸರಲ್ಲ. ಕೆಸರಾಗಿದ್ದರೆ ನಮ್ಮ ಹಿರಿಯರು ಚಿಲ್ಲದ ಬೀಜ ತೇಯ್ದು ಹಾಕಿ ತಳಕ್ಕೆ ಕೂರಿಸುತ್ತಿದ್ದರು. ಇದು ಜೀವವಿರುವ ಹಸಿರು, ಒಂದೊಂದೇ ಕೋಶದ ಪಾಚಿ. ಸ್ಪಂಜಿನ ಕಣ್ಣಿಗಿಂತ ಸಣ್ಣದು; ಫಿಲ್ಟರ್ ಇಡೀ ದಿನ ಸೋಸಿದರೂ ಒಂದು ತೂತಿನಿಂದ ಹೊಕ್ಕು ಇನ್ನೊಂದರಿಂದ ನಗುತ್ತ ಬರುತ್ತದೆ. “ಯೂವಿ ಲಗಾ ದೋ” ಎಂದ ಕುರ್ಲಾದ ಮೀನಿನ ಅಂಗಡಿಯವ, ಮೂರು ಪದಗಳಲ್ಲಿ. ಯೂವಿ ಎಂದರೆ ನೇರಳಾತೀತ, ನೇರಳೆಯಾಚೆಯ ಕಿರಣದ ದೀಪ.

ಕಲ್ಯಾಣದಾಚೆಯ ಬದ್ಲಾಪುರದಿಂದ ಬೇಸಿಗೆಯ ಕೊನೆಗೆ ಬರುವ ನೇರಳೆಹಣ್ಣನ್ನು ತಿಂದವರಿಗೆ ಆ ಬಣ್ಣದ ಹಟ ಗೊತ್ತು. ನಾಲಗೆಯಿಂದ ಸಂಜೆಯವರೆಗೂ ಬಿಡುವುದಿಲ್ಲ. ಕಾಮನಬಿಲ್ಲಿನಲ್ಲಿ ನಮ್ಮ ಕಣ್ಣಿಗೆ ಸಿಗುವ ಕೊನೆಯ ಬಣ್ಣಕ್ಕೆ ಕನ್ನಡ ಆ ಹಣ್ಣಿನ ಹೆಸರನ್ನೇ ಕೊಟ್ಟಿತು. ಕೊನೆಯದು ನಿಜಕ್ಕೂ ಕೊನೆಯೇ ಎಂದು ಜರ್ಮನಿಯ ಯೋಹಾನ್ ರಿಟ್ಟರ್ 1801ರಲ್ಲಿ ಅನುಮಾನಪಟ್ಟ. ಬೆಳಕು ತಾಗಿದರೆ ಕಪ್ಪಾಗುವ ಬೆಳ್ಳಿಯ ಲವಣವನ್ನು ಪಟ್ಟಕದಿಂದ ಚೆಲ್ಲಿದ ಬಣ್ಣಗಳ ಪಕ್ಕ ಇಟ್ಟು ನೋಡಿದ. ನೇರಳೆಯಾಚೆ, ಏನೂ ಕಾಣದ ಕತ್ತಲಲ್ಲಿ ಅದು ಎಲ್ಲಕ್ಕಿಂತ ಬೇಗ ಕಪ್ಪಾಯಿತು. ನನ್ನ ಟ್ಯಾಂಕಿಗೆ ಬಂದ ಯಂತ್ರ ಆ ಕತ್ತಲಿನ ವಂಶದ್ದು. ನಮ್ಮ ಅಡುಗೆಮನೆಗಳಿಗೆ ಅದು 1980ರ ದಶಕದಲ್ಲೇ ಅಕ್ವಾಗಾರ್ಡ್ ಹೆಸರಿನಲ್ಲಿ ಬಂದಿತ್ತು. ಮೀನುಗಳಿಗೆ ತಡವಾಯಿತು, ಅಷ್ಟೆ.

ಯಂತ್ರ ಎನ್ನುವುದೂ ಹೆಚ್ಚೇ. ಕಪ್ಪು ಪ್ಲಾಸ್ಟಿಕ್ ಕೊಳವೆ, ಅದರೊಳಗೆ ಕ್ವಾರ್ಟ್ಜ್‌ನ ತೆಳು ಅಂಗಿ, ಅಂಗಿಯೊಳಗೆ ಪಾದರಸದ ದೀಪ. ಮಾಮೂಲಿ ಗಾಜು ಆ ಕಿರಣವನ್ನು ತಡೆಯುತ್ತದೆ, ಅದಕ್ಕೇ ಕ್ವಾರ್ಟ್ಜ್. ಪಂಪು ನೂಕಿದ ನೀರು ದೀಪವನ್ನು ಸವರಿಕೊಂಡು ಹೋಗುವ ಕೆಲವೇ ಗಳಿಗೆಯಲ್ಲಿ 254 ನ್ಯಾನೊಮೀಟರಿನ ಕಿರಣ ಪಾಚಿಯ ಡಿಎನ್‌ಎಯ ಅಕ್ಷರಗಳನ್ನು ಪಕ್ಕಪಕ್ಕಕ್ಕೆ ಹೊಲಿದುಬಿಡುತ್ತದೆ. ಪಾಚಿಗೆ ಮುಂದೆ ತನ್ನನ್ನು ನಕಲು ಮಾಡಿಕೊಳ್ಳಲು ಆಗದು. ಕೊಳವೆಯ ತುದಿಯಲ್ಲಿ ಮಂಜುಮಂಜಾದ ಪ್ಲಾಸ್ಟಿಕ್ ಜೋಡಣೆಯೊಂದಿದೆ, ರಾತ್ರಿ ಅದು ಶಂಖಪುಷ್ಪದ ನೀಲಿಯಾಗಿ ಬೆಳಗುತ್ತದೆ. ಆ ನೀಲಿಯೇ ಕೆಲಸಗಾರ ಎಂದು ಬಹಳ ದಿನ ನಂಬಿದ್ದೆ. ಅಲ್ಲ. ಅದು ಪಾದರಸ ಉರಿಯುವಾಗ ಸುಮ್ಮನೆ ಚೆಲ್ಲುವ ಬೆಳಕು. ದುಡಿಯುವ ಕಿರಣ ಕಣ್ಣಿಗೆ ಬೀಳುವುದೇ ಇಲ್ಲ. ಬೀಳಲೂ ಬಾರದು: ಕವಚವಿಲ್ಲದ ದೀಪವನ್ನು ನೇರ ನೋಡಿದರೆ ಕಣ್ಣು ಸುಡುತ್ತದೆ. ಅಗ್ಗಕ್ಕೆ ಸಿಗುವ, ನೀರಲ್ಲಿ ಬರಿದೇ ಮುಳುಗಿಸುವ ಕಡ್ಡಿಗಳನ್ನು ಮನೆಗೆ ತರಬೇಡಿ.

ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ಸಂಜೆ ಆಫೀಸಿನಿಂದ ಬಂದು, ಲೋಕಲ್‌ನಲ್ಲಿ ಹಿಂಡಿಸಿಕೊಂಡ ಅಂಗಿಯಲ್ಲೇ ಕೂತು ನೋಡಿದರೆ ಹಸಿರು ಒಂದು ಎಳೆ ತೆಳುವಾಗಿತ್ತೋ, ನನ್ನ ಆಸೆಯೋ. ಮೂರನೆಯ ಬೆಳಿಗ್ಗೆ, ಮಂಜಿನ ಚಾರ್ಮಾಡಿಯಲ್ಲಿ ಮರವೊಂದು ಮೂಡುವಂತೆ, ಟ್ಯಾಂಕಿನ ನಡುವಿನ ಕಟ್ಟಿಗೆ ಮೂಡಿತು. ಮೊದಲು ನೆರಳು, ಆಮೇಲೆ ಅಂಚು, ಆಮೇಲೆ ತೊಗಟೆಯ ಬಿರುಕು. ಅವತ್ತು ರಾತ್ರಿ ಒಂದು ಕುಂಕುಮದ ಗೆರೆ ಮೀನಿಲ್ಲದೆ ತಾನೊಂದೇ ಹಾದುಹೋಯಿತು. ಐದನೆಯ ದಿನ ನೀರೇ ಇರಲಿಲ್ಲ! ಆರು ಮೀನು ಗಾಳಿಯಲ್ಲಿ ತೇಲುತ್ತಿದ್ದವು, ಅವುಗಳ ನೆರಳು ಮರಳಿನ ಮೇಲೆ ಕತ್ತರಿಸಿಟ್ಟಂತೆ ಬಿದ್ದಿತ್ತು. ಶಿಶಿಲದ ದೇವಸ್ಥಾನದ ಕೆಳಗೆ ಕಪಿಲೆಯಲ್ಲಿ ದೇವರ ಮೀನುಗಳ ನೆರಳು ಹೀಗೇ ಬೀಳುತ್ತದೆ. ಅಲ್ಲಿ ಹರಿವು, ಮರಳು, ಕಾಡಿನ ತಂಪು ಮಾಡುವ ಕೆಲಸವನ್ನು ಇಲ್ಲಿ ಒಂಬತ್ತು ವ್ಯಾಟಿನ ದೀಪ ಮಾಡಿತ್ತು.

ಹಾಗಾದರೆ ಅದು ವರ್ಷಪೂರ್ತಿ ಉರಿಯಲಿ ಎಂದರು ಗೆಳೆಯರು. ನಾನು ಉರಿಸುವುದಿಲ್ಲ. ದೀಪ ಪಾಚಿಯನ್ನು ಕೊಲ್ಲುತ್ತದೆ, ಪಾಚಿಯ ಊಟವನ್ನಲ್ಲ. ಸತ್ತದ್ದು ಕೊಳೆತು ಅದೇ ನೀರಿಗೆ ಮರಳುತ್ತದೆ. ಬಿಸಿಲೂ ನನ್ನ ಧಾರಾಳತನವೂ ಇದ್ದಲ್ಲೇ ಇರುತ್ತವೆ. ಕಿಟಕಿಗೆ ಪರದೆ ಹಾಕಿ, ಆಹಾರ ಅರ್ಧಕ್ಕಿಳಿಸಿದ ಮೇಲೆ ದೀಪಕ್ಕೆ ಕೆಲಸವೇ ಉಳಿಯಲಿಲ್ಲ. ಗಾಜಿಗೂ ಕಲ್ಲಿಗೂ ಅಂಟಿದ ಪಾಚಿ ಅದರ ಹತ್ತಿರ ಹೋಗುವುದೇ ಇಲ್ಲ, ಹಾಗಾಗಿ ಉಜ್ಜುವ ಕೈ ತಪ್ಪಿದ್ದಲ್ಲ. ಫಿಲ್ಟರಿನಲ್ಲಿ ನೆಲೆಸಿದ ಉಪಕಾರಿ ಬ್ಯಾಕ್ಟೀರಿಯಾ ಸಾಯುತ್ತವೆ ಎಂದು ಹೆದರಿಸುವವರಿದ್ದಾರೆ. ಅವೂ ಅಂಟಿಕೊಂಡೇ ಬದುಕುವಂಥವು, ದೀಪದ ದಾರಿಗೆ ಬರುವುದಿಲ್ಲ.

ವೈಟ್ ಸ್ಪಾಟ್ ರೋಗದ ಕತೆ ಬೇರೆ. ಆ ಪರೋಪಜೀವಿ ಮೀನಿನ ಚರ್ಮದೊಳಗೆ ಉಪ್ಪಿನ ಹರಳಿನಂತೆ ಕೂತಿರುವಾಗ ಯೂವಿ ಅದನ್ನು ಮುಟ್ಟದು. ಅದು ಉದುರಿ, ಒಡೆದು, ನೂರಾರು ಮರಿಗಳು ಹೊಸ ಮೀನು ಹುಡುಕಿ ಈಜುವ ಒಂದೆರಡು ದಿನವೇ ಅವಕಾಶ. ಆಗಲೂ ನೀರು ದೀಪದ ಮುಂದೆ ನಿಧಾನ ಹಾಯಬೇಕು. ಒಂದೇ ಫಿಲ್ಟರಿಗೆ ಹತ್ತಾರು ತೊಟ್ಟಿ ಜೋಡಿಸಿ, ವಾರವಾರ ಹೊಸ ಮೀನು ಇಳಿಸುವ ಅಂಗಡಿಗೆ ಇದು ಬೇಕೇ ಬೇಕು. ಮಾವಿನಹಣ್ಣಿನ ಬುಟ್ಟಿಯಂತೆ ಅಲ್ಲಿ ಒಂದರ ಕೇಡು ಎಲ್ಲಕ್ಕೂ ತಗಲುತ್ತದೆ. ಔಷಧ ಹಾಕಿದ ದಿನ ಮಾತ್ರ ಆರಿಸಬೇಕು. ನಾನೊಮ್ಮೆ ಮರೆತೆ. ಮೂರು ದಿನ ಔಷಧ ಸುರಿಯುತ್ತ ಹೋದೆ, ಅತ್ತ ದೀಪ ಅದನ್ನೇ ಒಡೆದು ಹಾಕುತ್ತಿತ್ತು.

ಇನ್ನೊಂದು ಮೋಸ ದೀಪದ್ದೇ. ಎಂಟೊಂಬತ್ತು ಸಾವಿರ ಗಂಟೆ, ಅಂದರೆ ಎಡೆಬಿಡದೆ ಉರಿದರೆ ಒಂದು ವರ್ಷ, ಆದ ಮೇಲೆ ಅದರ ಕಸುವು ಇಳಿದುಹೋಗುತ್ತದೆ. ನೀಲಿ ಮಾತ್ರ ಮೊದಲಿನಂತೆಯೇ ಹೊಳೆಯುತ್ತದೆ. ಹಾಡು ಹೋದರೂ ಜರಿಶಾಲು ಬಿಡದ ಗವಾಯಿಯ ಹಾಗೆ.

ಪಾಚಿಯ ಬಗ್ಗೆ ಇಷ್ಟು ಕೆಂಡ ಕಾರುವವನು ನವೀ ಮುಂಬೈಯ ಸೀವುಡ್ಸ್ ಕಡೆ ಹೋದಾಗ ಬಾಯಿ ಮುಚ್ಚಿಕೊಳ್ಳಬೇಕಾಗುತ್ತದೆ. ಠಾಣೆ ಖಾರಿಯ ರಾಜಹಂಸಗಳಿಗೆ ಗುಲಾಬಿ ಬಣ್ಣ ಬರುವುದು ಪಾಚಿಯಿಂದ, ಪಾಚಿ ತಿಂದ ಸಿಗಡಿಯಿಂದ. ಖಾರಿಯ ಅಭಯಾರಣ್ಯಕ್ಕೆ 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಯೆಂಬ ರಾಮ್ಸಾರ್ ಪಟ್ಟ ಸಿಕ್ಕಿತು. ಠಾಣೆಯ ಮಾಸುಂದಾ ಕೆರೆಯ ದಂಡೆಯಲ್ಲಿ ಸಂಜೆ ಭೇಲ್ ತಿನ್ನುವಾಗಲೂ ಎದುರಿನ ನೀರು ಹಸಿರೆಂದು ಯಾರೂ ಮುಖ ಸಿಂಡರಿಸುವುದಿಲ್ಲ. ಮೀನಿನ ಮರಿ ಸಾಕುವವರಂತೂ ಹಸಿರು ನೀರನ್ನು ಬೇಕೆಂದೇ ಬಿಸಿಲಲ್ಲಿಟ್ಟು ಬೆಳೆಸುತ್ತಾರೆ.

ಮತ್ತೆ, ಗಾಜಿನಂಥ ನೀರೂ ಕೆಲವು ದಿನಕ್ಕೆ ಬೇಸರ ತರಿಸುತ್ತದೆ. ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದ ಶೋಕೇಸಿನಂತೆ ಎಲ್ಲವೂ ಒಮ್ಮೆಲೇ ಕಂಡು ಮುಗಿಯುತ್ತದೆ. ಈಗ ನಾನು ಸೊಸೈಟಿಯ ಬಾದಾಮಿ ಮರದಿಂದ ಉದುರಿದ ಒಣ ಎಲೆಯೊಂದನ್ನು ತೊಳೆದು ಬಿಡುತ್ತೇನೆ. ಎರಡು ದಿನಕ್ಕೆ ನೀರು ಹಾಲಿಲ್ಲದ ತೆಳು ಚಹಾದ ಬಣ್ಣ ಹಿಡಿಯುತ್ತದೆ. ತಿಳಿಯಾಗಿಯೇ ಇರುತ್ತದೆ, ಬಣ್ಣವೂ ಇರುತ್ತದೆ. ಕುಂಕುಮದ ಗೆರೆ ಅದರಲ್ಲಿ ಕೆಂಡದಂತೆ ಕಾಣುತ್ತದೆ. ಹಸಿರನ್ನು ಅಳಿಸಿದ ದೀಪವೂ ಈ ಬಣ್ಣವನ್ನು ಅಷ್ಟಾಗಿ ಕದಲಿಸದು.

ಈ ವರ್ಷ ನನ್ನ ಯೂವಿ ಒಟ್ಟು ಹನ್ನೊಂದು ದಿನ ಉರಿದಿದೆ. ಉಳಿದಂತೆ ಹಳೆಯ ಬೈರಾಸಿನಲ್ಲಿ ಸುತ್ತಿಕೊಂಡು ಕಪಾಟಿನ ಮೇಲಿದೆ. ಡೊಂಬಿವಲಿ ಕಡೆ ಬಂದರೆ ಸಂಜೆ ಏಳರ ಮೇಲೆ ಬನ್ನಿ. ಹಾಲ್‌ನ ಟ್ಯೂಬ್‌ಲೈಟ್ ಆರಿಸಿ ಕೂರೋಣ.